ಯುದ್ಧ ಮುಗಿದ ಮೇಲಿನ ರಥ

ಮಹಾಭಾರತದ ಶಲ್ಯಪರ್ವದ ಕೊನೆಯ ಭಾಗದಲ್ಲಿ ಒಂದು ಸಣ್ಣ ಪ್ರಸಂಗವಿದೆ. ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ಹದಿನೆಂಟು ದಿನಗಳ ಯುದ್ಧ ಮುಗಿದಿದೆ. ಗೆದ್ದವರು ಸೋತವರ ಬರಿದಾದ ಪಾಳೆಯಕ್ಕೆ ಬಂದು ನಿಂತಿದ್ದಾರೆ. ಆಗ ಕೃಷ್ಣನು ಅರ್ಜುನನಿಗೆ, ಗಾಂಡೀವವನ್ನೂ ಬತ್ತಳಿಕೆಗಳನ್ನೂ ಎತ್ತಿಕೊಂಡು ಮೊದಲು ನೀನು ಇಳಿ ಎನ್ನುತ್ತಾನೆ. ಅರ್ಜುನ ಇಳಿದ ಮೇಲೆ ಲಗಾಮು ಬಿಟ್ಟು ತಾನೂ ಇಳಿಯುತ್ತಾನೆ. ಅಷ್ಟೆ. ಧ್ವಜದ ಮೇಲಿದ್ದ ಕಪಿ ಮಾಯವಾಗುತ್ತದೆ. ರಥ, ಕುದುರೆ, ನೊಗ, ಲಗಾಮು ಎಲ್ಲವೂ ಉರಿದು ಬೂದಿಯಾಗುತ್ತವೆ. ದ್ರೋಣ ಕರ್ಣರ ಅಸ್ತ್ರಗಳಿಂದ ಆ ರಥ ಎಂದೋ ಸುಟ್ಟುಹೋಗಿತ್ತು, ಸಾರಥಿ ಕುಳಿತಿದ್ದನಾದ್ದರಿಂದ ಇಷ್ಟು ದಿನ ನಿಂತಿತ್ತು ಎಂದು ಆಮೇಲೆ ತಿಳಿಯುತ್ತದೆ.

ಹರಿಕಥೆಗಳಲ್ಲಿಯೂ ತಾಳಮದ್ದಳೆಗಳಲ್ಲಿಯೂ ಇದನ್ನು ಭಗವಂತನ ಮಹಿಮೆಯೆಂದು ಕೇಳಿ ಬೆಳೆದವರು ನಾವು. ಅದು ಸರಿಯೇ. ಆದರೆ ಈ ಪ್ರಸಂಗದ ಒಳಗೆ ಇನ್ನೊಂದು ಪ್ರಶ್ನೆಯೂ ಕುಳಿತಿದೆ. ಕೊಲ್ಲುವ ಕಾರ್ಯಕ್ಕೆಂದು ಸಿದ್ಧಪಡಿಸಿದ ವಾಹನ, ಆ ಕಾರ್ಯ ಮುಗಿದ ಮೇಲೆ ಏನಾಗಬೇಕು? ಅಷ್ಟು ಗಟ್ಟಿಮುಟ್ಟಾದ ರಥವನ್ನು ಹಸ್ತಿನಾವತಿಗೆ ತಂದು, ಧ್ವಜ ಕಿತ್ತು, ಭತ್ತ ಹೇರುವುದಕ್ಕೆ ಬಿಡಬಹುದಿತ್ತಲ್ಲ! ಯುದ್ಧದಿಂದ ಬರಡಾದ ರಾಜ್ಯಕ್ಕೆ ಗಾಡಿಗಳು ಬೇಡವಾಗಿದ್ದವೆ? ವ್ಯಾಸರು ಹಾಗೆ ಮಾಡಲಿಲ್ಲ, ಸುಟ್ಟೇಬಿಟ್ಟರು. ನಮ್ಮ ಕಾಲ ಇದಕ್ಕೆ ಬೇರೆ ಉತ್ತರ ಕಂಡುಕೊಂಡಿದೆ. ನಾವು ರಥವನ್ನು ಸುಡುವುದಿಲ್ಲ, ಹರಾಜು ಹಾಕುತ್ತೇವೆ.

ವಿಕ್ರೋಳಿಯಲ್ಲಿ ವಾಸಿಸುವ ನಮಗೆ ಇದು ಪುರಾಣದ ಚರ್ಚೆಯಷ್ಟೇ ಅಲ್ಲ. ಇಂದು ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗವೆನಿಸಿರುವ ನಮ್ಮೂರಿನ ರಸ್ತೆ ಹಿಂದೆ ಆಗ್ರಾ ರಸ್ತೆಯಾಗಿತ್ತು; ಠಾಣೆ, ನಾಸಿಕಗಳ ಕಡೆಗೆ ಹೋಗುವ ಹೆದ್ದಾರಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಕಲ್ಯಾಣದ ಬಳಿ ಸಾವಿರಾರು ಸೈನಿಕರು ತಂಗುವ ದೊಡ್ಡ ಶಿಬಿರವಿತ್ತು. ನಮ್ಮಿಂದ ಮೂರು ಸ್ಟೇಷನ್ ಆಚೆಯ ಕುರ್ಲಾದಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಅಂಗಡಿಗಳ ಸಾಲು ಇಂದಿಗೂ ಇದೆ. ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ನಮ್ಮವರು ಹೋಟೆಲುಗಳಲ್ಲಿ ಮಾತ್ರ ದುಡಿದವರಲ್ಲ. ಗ್ಯಾರೇಜುಗಳಲ್ಲಿ ಫಿಟ್ಟರರಾಗಿ, ಲಾರಿಗಳಲ್ಲಿ ಕ್ಲೀನರರಾಗಿ ಸೇರಿ ಡ್ರೈವರರಾದವರು ಎಷ್ಟೋ ಮಂದಿ. ಇಂಥವರ ಮನೆಗಳಲ್ಲಿ 'ಡಿಸ್ಪೋಸಲ್' ಎಂಬ ಮಾತು ಇಂಗ್ಲಿಷೆಂದು ಯಾರಿಗೂ ಅನಿಸುವುದಿಲ್ಲ. ಡಿಸ್ಪೋಸಲ್ ಜೀಪು, ಡಿಸ್ಪೋಸಲ್ ಲಾರಿ, ಡಿಸ್ಪೋಸಲ್ ಕಂಬಳಿ, ಡಿಸ್ಪೋಸಲ್ ಬೂಟು. ಸೈನ್ಯಕ್ಕೆ ಬೇಡವಾದದ್ದು, ನಮಗೆ ಬೇಕಾದದ್ದು ಎಂದು ಅದರ ಅರ್ಥ.

ಆ ಮಹಾಯುದ್ಧದಲ್ಲಿ ತಯಾರಾದ ವಾಹನಗಳ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. ಜೀಪುಗಳೇ 6 ಲಕ್ಷಕ್ಕೂ ಹೆಚ್ಚು. ಅಮೆರಿಕದ ಜಿ.ಎಂ.ಸಿ. ಎರಡೂವರೆ ಟನ್ನಿನ ಲಾರಿಗಳು 5 ಲಕ್ಷಕ್ಕೂ ಹೆಚ್ಚು. ಕೆನಡಾದಲ್ಲಿ ಫೋರ್ಡ್ ಮತ್ತು ಶೆವರ್ಲೆ ಕಂಪನಿಗಳು ಒಂದೇ ಮಾದರಿಯಲ್ಲಿ ಮಾಡಿದ, ಮೂತಿ ಮೊಟಕಾದ ಲಾರಿಗಳು 4 ಲಕ್ಷಕ್ಕೂ ಹೆಚ್ಚು. ಬರ್ಮಾ ರಣರಂಗಕ್ಕೆಂದು ಇವುಗಳಲ್ಲಿ ಒಂದು ಪಾಲು ಭಾರತಕ್ಕೆ ಬಂದಿತ್ತು. 1945ರಲ್ಲಿ ಯುದ್ಧ ಥಟ್ಟನೆ ನಿಂತಾಗ ಇವನ್ನು ಹಡಗು ಹತ್ತಿಸಿ ಹಿಂದಕ್ಕೆ ಒಯ್ಯುವುದು ಮಾಲಕರಿಗೆ ಲಾಭದ ಮಾತಾಗಿರಲಿಲ್ಲ. ಸಾಲುಸಾಲಾಗಿ ಬಯಲಿನಲ್ಲಿ ನಿಲ್ಲಿಸಿ ಕೂಗಿದವರಿಗೆ ಕೊಟ್ಟರು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಈ ಆನೆಗಳು ಸತ್ತೇ ಇರಲಿಲ್ಲ. ಸ್ವತಂತ್ರ ಭಾರತದ ಸರಕಾರ ಕೂಡ ಹಾಗೆಯೇ ಆರಂಭಿಸಿತು. 1947ರಲ್ಲಿ ಹುಟ್ಟಿದ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ, ಅಮೆರಿಕದ ಸೈನ್ಯ ಬಿಟ್ಟುಹೋಗಿದ್ದ ಹಳೆಯ ಟ್ರ್ಯಾಕ್ಟರುಗಳನ್ನೇ ದುರಸ್ತಿ ಮಾಡಿಕೊಂಡು, ಮಧ್ಯಭಾರತದಲ್ಲಿ ಆಳವಾಗಿ ಬೇರೂರಿದ 'ಕಾನ್ಸ್' ಹುಲ್ಲು ತುಂಬಿ ಪಾಳುಬಿದ್ದ ಭೂಮಿಯನ್ನು ಉಳತೊಡಗಿತು. ದೇಶ ಹಸಿದಿದ್ದ ಕಾಲವದು. ಆ ಯಂತ್ರಗಳು ಹಿಂದೆ ಏನನ್ನು ಎಳೆದಿದ್ದವು ಎಂದು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಆಮೇಲೆ ನಮ್ಮದೇ ಸೈನ್ಯದ ವಾಹನಗಳ ಸರದಿ ಬಂತು. 1959ರಿಂದ ಜಬಲಪುರದಲ್ಲಿ ಜರ್ಮನಿಯ ಮಾನ್ ಕಂಪನಿಯ ಪರವಾನಿಗೆಯಿಂದ ತಯಾರಾದ ಶಕ್ತಿಮಾನ್ ಲಾರಿ. 1969ರಿಂದ ಸುಮಾರು ಮೂರು ದಶಕ ಅಲ್ಲಿಯೇ ತಯಾರಾದ ಜೋಂಗಾ. (ಜಬಲಪುರದ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು, ನಮ್ಮ ಕಿವಿಗೆ ಮಾತ್ರ ಯಾವುದೋ ಯಕ್ಷಗಾನದ ರಾಕ್ಷಸನ ಹೆಸರಿನಂತೆ ಕೇಳಿಸುತ್ತದೆ.) ಸೈನ್ಯದಲ್ಲಿ ವಯಸ್ಸು ತುಂಬಿದ ಮೇಲೆ ಇವು ಹರಾಜಿನಲ್ಲಿ ಹೊರಬಿದ್ದು ಕೊಡಗಿನ ಕಾಫಿತೋಟಗಳಿಗೆ, ಸಕಲೇಶಪುರದ ಕಡೆಗೆ, ಮಲೆನಾಡಿನ ಮೂಲೆಗಳಿಗೆ ಹೋದವು.

ಇವುಗಳ ಮೇಲೆ ರೈತನಿಗೆ ಅಷ್ಟು ಮೋಹ ಏಕೆ? ಪೇಟೆಯ ಲಾರಿಗೆ ಹಿಂದಿನ ಚಕ್ರಗಳಿಗೆ ಮಾತ್ರ ಎಂಜಿನಿನ ಬಲ ಸಿಗುತ್ತದೆ. ಸೈನ್ಯದ ಲಾರಿಗೆ ಮುಂದಿನ ಚಕ್ರಗಳಿಗೂ ಸಿಗುತ್ತದೆ. ಹಿಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತುವಾಗ ಮುಂದಿನದು ನೆಲ ಕಚ್ಚಿ ಎಳೆಯುತ್ತದೆ. ಎರಡನೆಯ ಗೇರುಪೆಟ್ಟಿಗೆಯೊಂದಿದ್ದು, ಅದನ್ನು ತಗ್ಗಿಸಿದರೆ ಗಾಡಿ ಎತ್ತಿನ ನಡಿಗೆಯಲ್ಲಿ, ಆದರೆ ಆನೆಯ ಬಲದಲ್ಲಿ ಏರು ಹತ್ತುತ್ತದೆ. ಹೊಟ್ಟೆ ನೆಲದಿಂದ ಎತ್ತರದಲ್ಲಿರುವುದರಿಂದ ಕಲ್ಲು ತಾಗುವುದಿಲ್ಲ, ಹಳ್ಳದ ನೀರು ಎಂಜಿನಿಗೆ ಏರುವುದಿಲ್ಲ. ಕೆಲವಕ್ಕೆ ಮುಂಭಾಗದಲ್ಲಿ ತಂತಿಹಗ್ಗದ ರಾಟೆ ಇರುತ್ತದೆ. ಅದರಿಂದ ಬೊಡ್ಡೆ ಕೀಳಬಹುದು, ಹೂತುಹೋದ ಇನ್ನೊಂದು ಗಾಡಿಯನ್ನು ಎಳೆಯಬಹುದು. ಉಳುವುದಕ್ಕೆ ಮಾತ್ರ ಇದು ಟ್ರ್ಯಾಕ್ಟರಿನಷ್ಟು ಒದಗುವುದಿಲ್ಲ. ಗೊಬ್ಬರ, ಕಲ್ಲು, ಕಬ್ಬು, ಅಡಿಕೆ, ನೀರಿನ ಟಾಂಕಿ ಹೊರುವುದಕ್ಕೆ ಇದಕ್ಕೆ ಸಾಟಿಯಿಲ್ಲ. ಪೆಟ್ರೋಲು ಕುಡಿಯುವುದರಲ್ಲಿ ಹಳೆಯ ಅಮೆರಿಕನ್ ಲಾರಿಗಳು ಬಕಾಸುರರು. ಅದಕ್ಕೇ ಅವುಗಳ ಎಂಜಿನ್ ಕಿತ್ತು ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂಡಿಸುವುದು ಹಿಂದಿನ ಗ್ಯಾರೇಜುಗಳ ದೊಡ್ಡ ಕಸುಬಾಗಿತ್ತು. ಹೃದಯ ಬೇರೆ, ಮೈ ಬೇರೆ. ಆದರೂ ಊರವರ ಬಾಯಲ್ಲಿ ಅದು 'ಮಿಲಿಟ್ರಿ ಲಾರಿ'ಯೇ.

ಈಗ ಪ್ರಶ್ನೆಗೆ ಬರೋಣ. ಕೆಲವು ತಿಂಗಳ ಹಿಂದೆ ನಮ್ಮ ಬಳಗದ ಒಬ್ಬರಿಗೆ ಊರಿನಿಂದ ತಮ್ಮನ ಕಾಗದ ಬಂದಿತು. ಇವರು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ತಮ್ಮ ಘಟ್ಟದ ಬುಡದಲ್ಲಿ ತೋಟ ನೋಡಿಕೊಂಡಿದ್ದಾನೆ. ಹರಾಜಿನಲ್ಲಿ ಬಂದ ಸೈನ್ಯದ ಲಾರಿಯೊಂದು ಸಿಗುತ್ತದೆ, ಅಣ್ಣ ಅರ್ಧ ಹಣ ಹಾಕಿದರೆ ಉಳಿದದ್ದು ತಾನು ಹೊಂದಿಸುತ್ತೇನೆ, ತೋಟದ ಕೆಲಸಕ್ಕೂ ಆಯಿತು, ಬಿಡುವಿನಲ್ಲಿ ಬಾಡಿಗೆಗೂ ಆಯಿತು ಎಂದು ಬರೆದಿದ್ದ. ಮುಂಬಯಿಯಲ್ಲಿ ಗಳಿಸಿದ ಹಣ ಊರಿನ ನೆಲದ ಮೇಲೆ ಹೇಗೆ ಓಡಾಡುತ್ತದೆ ಎಂಬ ಪ್ರಶ್ನೆ ನಮ್ಮೆಲ್ಲರದೂ ಆದ್ದರಿಂದ ಸಂಘದಲ್ಲಿ ಇದರ ಮೇಲೆ ಮಾತು ಬೆಳೆಯಿತು. ಒಬ್ಬ ಹಿರಿಯರು ಕಾಗದ ಕೇಳಿದೊಡನೆಯೇ ಮುಖ ಸಿಂಡರಿಸಿದರು. "ಅಲ್ಲ ಮಾರಾಯರೆ, ಗುಂಡು ಮದ್ದು ಹೊತ್ತ ಗಾಡಿ. ಹೆಣವನ್ನೂ ಹೊತ್ತಿದ್ದೀತು. ಅದರಲ್ಲಿ ಅಕ್ಕಿಮುಡಿ ಹೇರಿ ಮನೆಯೊಳಗೆ ತರುವುದೆ?" ಕುರ್ಲಾದಲ್ಲಿ ಗ್ಯಾರೇಜಿಟ್ಟಿರುವ ಕಿರಿಯರೊಬ್ಬರು ನಕ್ಕು, "ಹಾಗೆ ನೋಡಿದರೆ ಅಣ್ಣ, ಆಸ್ಪತ್ರೆಯ ಮಂಚದ ಮೇಲೆ ನಾವು ಯಾರೂ ಮಲಗುವ ಹಾಗಿಲ್ಲ" ಎಂದರು.

ಹಿರಿಯರ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಅಳುಕು ಹೊಲೆ ಮಡಿಯದ್ದಲ್ಲ. ಒಂದು ವಸ್ತು ಯಾವ ಉದ್ದೇಶಕ್ಕೆ ಹುಟ್ಟಿತೋ ಆ ಉದ್ದೇಶ ಅದರ ಮೈಗೆ ಅಂಟಿಕೊಂಡಿರುತ್ತದೆಯೆ ಎಂಬುದು ಅದರ ತಿರುಳು. ಇದಕ್ಕೆ ಇತಿಹಾಸ ಕೊಡುವ ಉತ್ತರ ವಿಚಿತ್ರವಾಗಿದೆ. ಖಡ್ಗವನ್ನು ನೇಗಿಲಾಗಿ ಬಡಿಯುವ ಕನಸು ಯಹೂದ್ಯರ ಪ್ರಾಚೀನ ಗ್ರಂಥದಲ್ಲಿದೆ, ಸಂಯುಕ್ತ ರಾಷ್ಟ್ರಸಂಸ್ಥೆಯ ಅಂಗಳದಲ್ಲಿ 1959ರಿಂದ ಅದರ ಪ್ರತಿಮೆಯೂ ನಿಂತಿದೆ. ವಾಸ್ತವದಲ್ಲಿ ನಡೆದದ್ದು ಎರಡೂ ದಿಕ್ಕಿನಲ್ಲಿ. ಮೊದಲ ಮಹಾಯುದ್ಧದ ಟ್ಯಾಂಕಿಗೆ ಪ್ರೇರಣೆಯಾದದ್ದು ಅಮೆರಿಕದ ಹೋಲ್ಟ್ ಕಂಪನಿಯ ಸರಪಳಿ ಚಕ್ರದ ಟ್ರ್ಯಾಕ್ಟರು, ಮೆತ್ತನೆಯ ಹೊಲದಲ್ಲಿ ಹೂಳದೆ ನಡೆಯಲೆಂದು ರೈತನಿಗಾಗಿ ಮಾಡಿದ ಯಂತ್ರ. ಎರಡನೆಯ ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಮೋರಿಸ್ ವಿಲ್ಕ್ಸ್ ಎಂಬ ಎಂಜಿನಿಯರರು ವೇಲ್ಸಿನ ಆಂಗ್ಲ್ಸಿ ದ್ವೀಪದ ತಮ್ಮ ಜಮೀನಿನಲ್ಲಿ ಡಿಸ್ಪೋಸಲ್ ಜೀಪೊಂದನ್ನು ಓಡಿಸುತ್ತಿದ್ದರು. ಅದಕ್ಕಿಂತ ಒಳ್ಳೆಯ ಹೊಲದ ಗಾಡಿ ಮಾಡಬೇಕೆಂಬ ಹಟದಿಂದ 1948ರಲ್ಲಿ ಲ್ಯಾಂಡ್ ರೋವರ್ ಹುಟ್ಟಿತು. ಸ್ವಲ್ಪದರಲ್ಲೇ ಅದು ಸೈನ್ಯ ಸೇರಿತು. ಸೋತ ಜರ್ಮನಿಯಲ್ಲಿ ಯೂನಿಮೋಗ್ ಎಂಬ ಗಾಡಿ ಮಾಡಿದಾಗ, ಬಟಾಟೆಯ ಎರಡು ಸಾಲುಗಳ ಅಂತರಕ್ಕೆ ಸರಿಹೊಂದುವಂತೆ ಅದರ ಚಕ್ರಗಳನ್ನು ಜೋಡಿಸಿದ್ದರು. ಅದನ್ನೂ ಸೈನ್ಯಗಳು ಕೊಂಡವು. ನಮ್ಮ ಮುಂಬಯಿಯಲ್ಲೂ 1947ರಲ್ಲಿ ಮಹೀಂದ್ರ ಕಂಪನಿ ಜೀಪು ಜೋಡಿಸತೊಡಗಿದ್ದು ಯುದ್ಧದಲ್ಲಿ ಹೆಸರು ಮಾಡಿದ ಅದೇ ಗಾಡಿಯನ್ನು ಶಾಂತಿಕಾಲದ ಕೆಲಸಕ್ಕೆ ಹಚ್ಚಬಹುದೆಂಬ ನಂಬಿಕೆಯಿಂದಲೇ.

ನಮ್ಮ ಹಿರಿಯರಿಗೆ ಇದು ಗೊತ್ತಿಲ್ಲದ್ದೇನಲ್ಲ. ಮಹಾನವಮಿಯ ಆಯುಧಪೂಜೆಯಲ್ಲಿ ಕತ್ತಿ, ಕೊಡಲಿ, ನೇಗಿಲು, ತಕ್ಕಡಿ, ಮೋಟಾರು ಎಲ್ಲಕ್ಕೂ ಒಂದೇ ಅರಿಸಿನ ಕುಂಕುಮ. ವಿಕ್ರೋಳಿಯ ಕಾರ್ಖಾನೆಗಳಲ್ಲಿ ಆ ದಿನ ಲೇತ್ ಯಂತ್ರಕ್ಕೂ ಚೆಂಡುಹೂವಿನ ಮಾಲೆ ಬೀಳುತ್ತದೆ. ಕೊಲ್ಲುವ ಆಯುಧ ಬೇರೆ, ಸಾಕುವ ಸಾಧನ ಬೇರೆ ಎಂಬ ಭೇದವನ್ನು ನಮ್ಮ ಹಬ್ಬ ಮಾಡುವುದಿಲ್ಲ. ಹಲಾಯುಧನೆಂದು ಹೆಸರಾದ ಬಲರಾಮನನ್ನೇ ನೋಡಿ. ನೇಗಿಲು ಹಿಡಿದವನಾದ್ದರಿಂದ ಕುರುಕ್ಷೇತ್ರ ಬೇಡವೆಂದು ತೀರ್ಥಯಾತ್ರೆಗೆ ಹೊರಟುಹೋದ ಎಂದು ಹೇಳಬೇಕೆನಿಸುತ್ತದೆ. ಆದರೆ ಅದೇ ನೇಗಿಲಿನಿಂದ ಅವನು ಕರೆದಾಗ ಬಾರದ ಯಮುನೆಯನ್ನು ಬೇರೆ ದಾರಿಗೆ ಎಳೆದ. ಸಿಟ್ಟು ಬಂದಾಗ ಹಸ್ತಿನಾವತಿಯನ್ನೇ ಗಂಗೆಗೆ ಎಳೆಯಹೊರಟ. ಅಂದಮೇಲೆ ನೇಗಿಲು ಸಾಧು, ಖಡ್ಗ ಕ್ರೂರ ಎಂದು ಎಲ್ಲಿ ಗೆರೆ ಎಳೆಯುವುದು?

ಇನ್ನು ಕಲ್ಯಾಣದ ಆ ಸೈನಿಕ ಶಿಬಿರವೇ ಇದೆಯಲ್ಲ. ದೇಶ ಇಬ್ಭಾಗವಾದಾಗ ಸಿಂಧದಿಂದ ಮನೆಮಾರು ಬಿಟ್ಟು ಬಂದವರಿಗೆ ಅದರ ಬರಾಕುಗಳನ್ನು ಕೊಟ್ಟರು. ಒಂದೊಂದು ಉದ್ದನೆಯ ಬರಾಕಿನಲ್ಲಿ ಗೋಣಿತಟ್ಟು, ಸೀರೆ ಅಡ್ಡ ಕಟ್ಟಿ ಹಲವು ಸಂಸಾರಗಳು ಬದುಕಿದವು. 1949ರಲ್ಲಿ ಅದು ಉಲ್ಲಾಸನಗರವಾಯಿತು. ಯುದ್ಧಕ್ಕೆ ಹೊರಟವರು ಮಲಗಿದ ಜಾಗದಲ್ಲಿ ಮಕ್ಕಳು ಹುಟ್ಟಿದವು. ಬರಾಕಿಗೆ ಮೈಲಿಗೆಯೆನ್ನುವ ಧೈರ್ಯ ಯಾರಿಗಿದೆ? ಆದ್ದರಿಂದ ಲಾರಿಯ ಹಿಂದಿನ ಜನ್ಮದ ಪಾಪ ಪುಣ್ಯದ ಮಾತನ್ನು ನಾವು ಇಲ್ಲಿಗೇ ಬಿಡಬಹುದು ಎಂದು ನಮಗೆ ತೋರುತ್ತದೆ. ಕಬ್ಬಿಣಕ್ಕೆ ನೆನಪಿಲ್ಲ.

ಆದರೆ ಗ್ಯಾರೇಜಿನ ಮಿತ್ರರು ಅಲ್ಲಿಗೇ ಜಯಘೋಷ ಮಾಡಿದ್ದು ನಮಗೆ ಒಪ್ಪಿಗೆಯಾಗಲಿಲ್ಲ. ಕಬ್ಬಿಣಕ್ಕೆ ನೆನಪಿಲ್ಲದಿದ್ದರೂ ಬಲವಿದೆ. ಹಿಂದೆ ಏನು ಮಾಡಿತ್ತು ಎಂಬುದನ್ನು ಅದು ಮರೆಯಬಹುದು. ಏನು ಮಾಡಬಲ್ಲೆ ಎಂಬುದನ್ನು ಮರೆಯುವುದಿಲ್ಲ. ರಸ್ತೆಯಿಲ್ಲದಲ್ಲಿ ಹೋಗಲೆಂದೇ ಹುಟ್ಟಿದ ಗಾಡಿ ರಸ್ತೆಯಿಲ್ಲದಲ್ಲಿಗೇ ಹೋಗುತ್ತದೆ. ರಸ್ತೆಯಿಲ್ಲದ ಜಾಗಗಳಲ್ಲಿ ಎರಡು ಬಗೆ: ರಸ್ತೆ ತಲುಪದೆ ಉಳಿದ ಜಾಗ ಒಂದು, ರಸ್ತೆ ತಲುಪಬಾರದ ಜಾಗ ಇನ್ನೊಂದು. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಅರ್ಜುನನಿಗೆ ಆ ರಥವೂ ಗಾಂಡೀವವೂ ಎಲ್ಲಿ ಸಿಕ್ಕಿದವು ಎಂಬುದನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅವು ಕೌರವರ ಮೇಲಿನ ಯುದ್ಧಕ್ಕೆ ಬಂದವಲ್ಲ. ಖಾಂಡವವನವನ್ನು ಸುಡುವಾಗ ಅಗ್ನಿಯ ಪ್ರಾರ್ಥನೆಯಿಂದ ವರುಣ ಕೊಟ್ಟವು. ಆ ರಥ ಮೊದಲು ಓಡಿದ್ದು ಕಾಡಿನ ಸುತ್ತ, ಒಂದು ಜೀವವೂ ತಪ್ಪಿಸಿಕೊಳ್ಳದ ಹಾಗೆ. ಬದುಕಿ ಹೊರಬಂದವರು ಬೆರಳೆಣಿಕೆಯಷ್ಟು. ಅದೇ ರಥ ಹಸ್ತಿನಾವತಿಯ ವೈರಕ್ಕೆ ಒದಗಿದ್ದು ಆಮೇಲೆ. ನಮ್ಮ ಕಥೆಯಲ್ಲಿ ಕ್ರಮ ತಿರುಗುಮುರುಗಾಯಿತು. ಮೊದಲು ಯುದ್ಧ, ಆಮೇಲೆ ಕಾಡು.

ಮಲೆನಾಡಿನಲ್ಲಿ ಹಿಂದೆ ನಾಟಾ ಎಳೆಯುತ್ತಿದ್ದದ್ದು ಎತ್ತು ಮತ್ತು ಆನೆ. ಮರ ಕಡಿಯುವುದಕ್ಕೂ ಅದು ಊರು ತಲುಪುವುದಕ್ಕೂ ನಡುವೆ ಒಂದು ಇಳಿಜಾರು, ಒಂದು ಹೊಳೆ, ಒಂದು ಮಳೆಗಾಲ ಅಡ್ಡ ನಿಂತಿರುತ್ತಿದ್ದವು. ಕೊಡಲಿ ಸಾವಿರಾರು ವರ್ಷಗಳಿಂದ ಇತ್ತು. ಆದರೆ ಹೊತ್ತೊಯ್ಯಲಾಗದ ಮರವನ್ನು ಯಾರೂ ಲೆಕ್ಕವಿಟ್ಟು ಕಡಿಯುವುದಿಲ್ಲ. ಲಾರಿ ಕೂಪಿನ ಒಳಗೇ ಬರತೊಡಗಿದ ದಿನ ಆ ಲೆಕ್ಕ ಬದಲಾಯಿತು. ದಾಂಡೇಲಿಯ ಕಾಗದದ ಕಾರ್ಖಾನೆಗೆ 1958ರಲ್ಲಿ ಉತ್ತರ ಕನ್ನಡದ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಿಗುತ್ತಿತ್ತೆಂದು ಮಾಧವ ಗಾಡಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರನಿಗೆ ಆ ದರ ಇರಲಿಲ್ಲ. ಅಷ್ಟು ಅಗ್ಗದ ಬಿದಿರಿಗೆ ನಿಜವಾದ ಬೆಲೆಯೆಂದರೆ ಸಾಗಣೆಯದೇ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಬಳಿಯ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡು ನಿಂತಾಗ ಆ ಚಳವಳಿಗೆ 'ಅಪ್ಪಿಕೋ' ಎಂದು ಹೆಸರಾಯಿತು. ಅವರು ತಡೆದದ್ದು ಕೊಡಲಿಯನ್ನು. ಕೊಡಲಿಗೆ ಅಷ್ಟು ಹಸಿವು ತಂದದ್ದು ರಸ್ತೆಯ ಕೊನೆಯಲ್ಲಿ ಕಾದು ನಿಂತ ಲಾರಿಗಳು. ಆ ಲಾರಿಗಳೆಲ್ಲ ಸೈನ್ಯದಿಂದ ಬಂದವು ಎಂದು ನಾವು ಹೇಳುತ್ತಿಲ್ಲ. ರಸ್ತೆ ಬರುವವರೆಗೂ ಕಾಯದೆ ಹೋಗಬಲ್ಲ ಗಾಡಿ ಆ ಕೆಲಸದಲ್ಲಿ ಎಲ್ಲಕ್ಕಿಂತ ಮುಂದಿರುತ್ತದೆ ಎಂದಷ್ಟೇ ಹೇಳುತ್ತಿದ್ದೇವೆ.

ಗದ್ದೆಯ ಮಾತೂ ಹೀಗೆಯೇ. ಒಂದು ಜೊತೆ ಎತ್ತು ತುಳಿದ ನೆಲ ಮುಂದಿನ ಉಳುಮೆಗೆ ಸಡಿಲವಾಗುತ್ತದೆ. ಹೊರೆ ಸೇರಿ ಏಳು ಟನ್ ತೂಗುವ ಲಾರಿ ಹಸಿನೆಲದ ಮೇಲೆ ಹೋದರೆ ನೇಗಿಲು ಮುಟ್ಟದಷ್ಟು ಆಳದಲ್ಲಿ ಮಣ್ಣು ಬಿಗಿದು ಕೂರುತ್ತದೆ. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ. ಬೇರು ಇಳಿಯುವುದಿಲ್ಲ, ನೀರು ಇಳಿಯುವುದಿಲ್ಲ. ಕೆಲವು ಮಣ್ಣುಗಳಲ್ಲಿ ಈ ಬಿಗಿತ ಹತ್ತಾರು ವರ್ಷ ಬಿಡುವುದಿಲ್ಲ. ಹೂಳದೆ ದಾಟಿದೆನೆಂದು ಡ್ರೈವರು ಹೆಮ್ಮೆಪಡುವಾಗ ಗದ್ದೆ ಆ ಭಾರವನ್ನು ಹೊತ್ತುಕೊಂಡೇ ಇರುತ್ತದೆ.

ಹಾಗೆಂದು ದಾರಿಯೇ ಬೇಡ, ಗಾಡಿಯೇ ಬೇಡ ಎನ್ನುವ ಅಧಿಕಾರ ನಮಗಿದೆಯೆ? ಎರಡು ನಿಮಿಷಕ್ಕೊಂದು ಬಸ್ಸು ಸಿಗುವ ಹೆದ್ದಾರಿಯ ಪಕ್ಕ ಕುಳಿತು ಮಲೆಯ ಮೂಲೆಯವರಿಗೆ ನಡೆದು ಹೋಗಿರೆಂದು ಉಪದೇಶ ಮಾಡುವುದು ಸಭ್ಯತೆಯಲ್ಲ. ಆಷಾಢದಲ್ಲಿ ಬಸುರಿ ಹೆಂಗಸನ್ನು ಕಂಬಳಿಯಲ್ಲಿ ಕಟ್ಟಿ, ಬೊಂಬಿಗೆ ತೂಗುಹಾಕಿ, ನಾಲ್ಕು ಜನ ಹೊತ್ತು, ಹೊಳೆ ಇಳಿಯುವವರೆಗೆ ದಡದಲ್ಲಿ ಕಾದ ಕಥೆಗಳು ನಮ್ಮ ಮನೆಗಳಲ್ಲಿಯೇ ಇವೆ. ಎಲ್ಲವೂ ಸುಖಾಂತವಲ್ಲ. ಅಂಥ ಊರಿಗೆ ಡಿಸ್ಪೋಸಲ್ ಜೀಪು ಬಂದ ಮೇಲೆ ಹೊಳೆಯ ಅರ್ಧ ತಿಂಗಳು ಕಡಿಮೆಯಾಯಿತು ಎಂದು ಹೇಳುವವರಿದ್ದಾರೆ. ಅಂದರೆ ಹೊಳೆ ದಾಟಲಾಗದ ದಿನಗಳು ಕಡಿಮೆಯಾದವು. ಆ ಜೀಪಿನ ಎದುರು ನಿಂತು ಕಾಡಿನ ಪರವಾಗಿ ಮಾತಾಡಲು ನಮಗೆ ಬಾಯಿ ಬಾರದು.

ಇನ್ನೊಂದು ಮಾತು. ಮಿಗುತೆ ಎನ್ನುತ್ತೇವಲ್ಲ, ಅದು ಯಾರ ಹಣ? ಬಂಗಾಳದಲ್ಲಿ 1942ರಲ್ಲಿ ಶತ್ರುವಿಗೆ ಸಿಗಬಾರದೆಂದು ಕರಾವಳಿಯ ಬಡವರ ದೋಣಿಗಳನ್ನು ಸರಕಾರ ಸಾವಿರಾರು ಸಂಖ್ಯೆಯಲ್ಲಿ ವಶಪಡಿಸಿಕೊಂಡು ನಾಶಮಾಡಿತು. ಮರುವರ್ಷ ಅಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅಕ್ಕಿ ಸಾಗಿಸಲು ವಾಹನವಿಲ್ಲದ ಅದೇ ದೇಶದಲ್ಲಿ ಎರಡು ವರ್ಷಗಳ ಮೇಲೆ ವಾಹನಗಳು ಮಿಕ್ಕವು! ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತು ಎನ್ನುವವನು, ಅದರ ಮೊದಲ ಬೆಲೆಯನ್ನು ಯಾರು ತೆತ್ತರು ಎಂದು ಒಮ್ಮೆಯಾದರೂ ಯೋಚಿಸಬೇಕು. ಕೊಂಡವನಿಗೆ ಇದರಿಂದ ಪಾಪ ಬಾರದು, ಆದರೆ ಈ ಗಾಡಿ ಪೂರ್ತಿ ತನ್ನದೆಂಬ ಭಾವನೆ ಸ್ವಲ್ಪ ಸಡಿಲವಾದೀತು.

ಹಾಗಾದರೆ ವ್ಯಾಸರ ರಥ ಏ ತಕ್ಕೆ ಸುಟ್ಟಿತು? ಅದು ಪಾಪಿಯಾದದ್ದರಿಂದಲ್ಲ. ಸಾರಥಿ ಇಳಿದದ್ದರಿಂದ. ಈ ದೃಷ್ಟಿಯಿಂದ ಹರಾಜಿನ ಲಾರಿಯನ್ನು ನೋಡಿದರೆ ಒಂದು ವಿಷಯ ಕಾಣಿಸುತ್ತದೆ. ಸೈನ್ಯದಲ್ಲಿದ್ದಾಗ ಅದು ಎಷ್ಟೇ ಭಯಂಕರವಾದ ಕೆಲಸಕ್ಕಿದ್ದರೂ ಒಂದು ಶಿಸ್ತಿನೊಳಗಿತ್ತು. ಎಲ್ಲಿಗೆ ಹೋಗಬೇಕು, ಎಷ್ಟು ಹೊರೆ, ಎಷ್ಟು ಎಣ್ಣೆ, ಯಾರ ಅಪ್ಪಣೆ ಎಂಬುದೆಲ್ಲ ಪುಸ್ತಕದಲ್ಲಿ ಬರೆದಿರುತ್ತಿತ್ತು. ಹರಾಜಿನಲ್ಲಿ ನಾವು ಎಂಜಿನು, ಚಕ್ರ, ರಾಟೆ ಎಲ್ಲವನ್ನೂ ಕೊಳ್ಳುತ್ತೇವೆ. ಆ ಪುಸ್ತಕವನ್ನು ಮಾತ್ರ ಕೊಳ್ಳುವುದಿಲ್ಲ. ಬಲ ಹಾಗೇ ಉಳಿಯಿತು, ಬೇಡ ಎನ್ನುವವನು ಇಳಿದುಹೋದ. ಊರಿನಲ್ಲಿ ಆ ಜಾಗದಲ್ಲಿ ಯಾರು ಕೂರಬೇಕು? ಕಂತಿನ ಸಾಲ ಕೂರುತ್ತದೆ, ಹಲವು ಬಾರಿ. ತಿಂಗಳ ಕಂತು ತುಂಬಬೇಕೆಂದರೆ ಲಾರಿ ನಿಲ್ಲಬಾರದು. ನಿಲ್ಲಬಾರದೆಂದರೆ ಬಂದ ಹೊರೆಯನ್ನೆಲ್ಲ ಹೊರಬೇಕು. ರಾತ್ರಿಯ ಹೊರೆಗೆ ಬಾಡಿಗೆ ಹೆಚ್ಚು.

ಇದನ್ನು ಕಾಣಲು ನಾವು ಘಟ್ಟದವರೆಗೆ ಹೋಗಬೇಕಾಗಿಯೂ ಇಲ್ಲ. ವಿಕ್ರೋಳಿಯ ಪೂರ್ವಕ್ಕೆ, ಹೆದ್ದಾರಿಯ ಆಚೆ, ಠಾಣೆಯ ಖಾಡಿಯವರೆಗೆ ಕಾಂಡ್ಲಾ ಕಾಡು ಹಬ್ಬಿದೆ. ಯುದ್ಧದ ನಡುವೆ, 1943ರಲ್ಲಿ, ಪಿರೋಜ್‌ಶಾ ಗೋದ್ರೆಜರು ಇಲ್ಲಿ ಜಮೀನು ಕೊಂಡರು. ಕಾರ್ಖಾನೆ, ವಸತಿಗಳು ಎದ್ದರೂ ಖಾಡಿಯ ಬದಿಯ ಕಾಂಡ್ಲಾವನ್ನು ಆ ಮನೆತನ ಕಾಯ್ದುಕೊಂಡಿತು. ಮುಂಬಯಿಯ ಬೇರೆ ಎಷ್ಟೋ ಖಾಡಿಗಳ ಕಥೆ ಹೀಗಿಲ್ಲ. ಒಡೆದ ಮನೆಗಳ ಕಲ್ಲುಮಣ್ಣು ತುಂಬಿದ ಟಿಪ್ಪರುಗಳು ರಾತ್ರಿ ಹೊತ್ತು ಬಂದು ಒಂದೊಂದೇ ಹೊರೆ ಸುರಿದು ಹೋಗುತ್ತವೆ. ಮೊದಲ ಹೊರೆ ಎರಡನೆಯ ಟಿಪ್ಪರಿಗೆ ದಾರಿಯಾಗುತ್ತದೆ. 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ರಾಜ್ಯದಲ್ಲೆಲ್ಲ ಕಾಂಡ್ಲಾ ನಾಶವನ್ನೂ ಅದರ ಮೇಲೆ ಮಣ್ಣು ಸುರಿಯುವುದನ್ನೂ ನಿಷೇಧಿಸಬೇಕಾಯಿತು. ಅಲ್ಲಿ ಮಣ್ಣು ಸುರಿದವನಿಗೆ ಕಾಂಡ್ಲಾದ ಮೇಲೆ ವೈರವಿರಲಿಲ್ಲ. ಅವನಿಗೆ ಖಾಲಿ ಗಾಡಿ ಬೇಕಿತ್ತು, ಮುಂದಿನ ಬಾಡಿಗೆಗೆ.

ಅರ್ಜುನನ ಗಾಂಡೀವದ ಕಥೆ ರಥದೊಡನೆ ಮುಗಿಯುವುದಿಲ್ಲ. ರಥ ಉರಿದಾಗ ಅವನು ಗಾಂಡೀವವನ್ನು ಇಳಿಸಿಕೊಂಡಿದ್ದ, ಬಹುಕಾಲ ಇಟ್ಟುಕೊಂಡ. ಕೊನೆಗೆ ಎಲ್ಲವನ್ನೂ ತೊರೆದು ಮಹಾಪ್ರಸ್ಥಾನಕ್ಕೆ ಹೊರಟಾಗಲೂ ಮೋಹದಿಂದ ಅದನ್ನು ಬಿಡಲಿಲ್ಲ. ದಾರಿಯಲ್ಲಿ ಅಗ್ನಿಯೇ ಅಡ್ಡ ನಿಂತು, ಇದನ್ನು ವರುಣನಿಗೆ ಹಿಂದಿರುಗಿಸು ಎಂದು ಕೇಳಬೇಕಾಯಿತು. ಆಗ ನೀರಿಗೆ ಬಿಟ್ಟ. ನಮ್ಮಲ್ಲಿಯೂ ಈಗ ಹಿಂದಿರುಗಿಸುವ ಕಾನೂನು ಬಂದಿದೆ. 2023ರ ಏಪ್ರಿಲ್‌ನಿಂದ ಸರಕಾರದ ಹದಿನೈದು ವರ್ಷ ಮೀರಿದ ಗಾಡಿಗಳ ನೋಂದಣಿ ರದ್ದಾಗಿ ಅವು ಗುಜರಿಗೆ ಹೋಗಬೇಕು. ಸೈನ್ಯದ ವಿಶೇಷ ವಾಹನಗಳಿಗೆ ಅದರಲ್ಲಿ ವಿನಾಯಿತಿ ಇದೆ. ಕೊಳ್ಳುವ ಬಯಲು ಕೂಡ ಈಗ ಬಯಲಾಗಿ ಉಳಿದಿಲ್ಲ, ಕಂಪ್ಯೂಟರಿನಲ್ಲಿಯೇ ಕೂಗು ನಡೆಯುತ್ತದೆ. ಗಾಂಡೀವವನ್ನು ನೋಡದೆಯೇ ಕೊಳ್ಳಬಹುದು.

ಕಾಗದ ಬಂದ ನಮ್ಮ ಮಿತ್ರರು ಇಷ್ಟೆಲ್ಲ ಮಾತಿಗೆ ಕಿವಿಗೊಟ್ಟು ಕೊನೆಗೆ ತಮ್ಮನಿಗೆ ಬರೆದರು. ಹಣ ಕೊಡುವುದಿಲ್ಲವೆಂದು ಬರೆಯಲಿಲ್ಲ. ಮೇಲಿನ ಮನೆಗಳಿಗೆ ಬೇಸಗೆಯಲ್ಲಿ ನೀರು ಒಯ್ಯಲು ಒಪ್ಪುತ್ತೀಯಾ? ಮಳೆ ಹಿಡಿದ ಮೇಲೆ ಗದ್ದೆಗೆ ಇಳಿಸದೆ ಎಲ್ಲಿ ನಿಲ್ಲಿಸುತ್ತೀ? ರಾತ್ರಿ ಯಾರಿಗಾದರೂ ಆಸ್ಪತ್ರೆಯ ಅವಸರ ಬಿದ್ದರೆ ಬಾಡಿಗೆ ಕೇಳುತ್ತೀಯಾ? ನಾಟಾ ಕಂಟ್ರಾಕ್ಟರರು ದುಪ್ಪಟ್ಟು ಕೊಡುತ್ತೇನೆಂದು ಮನೆ ಬಾಗಿಲಿಗೆ ಬಂದರೆ, ಕಂತು ಬಾಕಿ ಇರುವ ತಿಂಗಳಲ್ಲಿ, ಏನು ಹೇಳುತ್ತೀ? ಹೀಗೆ ನಾಲ್ಕು ಪ್ರಶ್ನೆ. ಅದರೊಂದಿಗೆ, ಕಂತಿನ ಸಾಲ ಮಾಡುವುದಾದರೆ ಬೇಡ, ಇನ್ನೊಂದು ವರ್ಷ ಕಾದು ಪೂರ್ತಿ ಹಣವನ್ನು ಇಬ್ಬರೂ ಸೇರಿ ಹೊಂದಿಸೋಣ ಎಂದೂ ಬರೆದರಂತೆ.

ತಮ್ಮನ ಮರುಕಾಗದ ಹದಿನೈದು ದಿನದಲ್ಲಿ ಬಂತು. ನೀರಿಗೆ ಒಪ್ಪಿದ್ದಾನೆ. ಮಳೆಗಾಲಕ್ಕೆ ಅಡಿಕೆ ಅಂಗಳದ ಪಕ್ಕ ಮಾಡು ಇಳಿಸುತ್ತಾನಂತೆ. ಆಸ್ಪತ್ರೆಯ ಬಾಡಿಗೆಯ ಪ್ರಶ್ನೆಗೆ ಅವನಿಗೆ ಸ್ವಲ್ಪ ಸಿಟ್ಟೇ ಬಂದಿದೆ. ಅಣ್ಣ ಮುಂಬಯಿಗೆ ಹೋಗಿ ಊರನ್ನು ಮರೆತನೇ ಎಂದು ಕೇಳಿದ್ದಾನೆ. ನಾಲ್ಕನೆಯದರ ಬಗ್ಗೆ ಏನೂ ಬರೆದಿಲ್ಲ. ನಮ್ಮ ಮಿತ್ರರು ಆ ಒಂದು ಪ್ರಶ್ನೆಯನ್ನೇ ಮತ್ತೆ ಬರೆದು ಕಳಿಸಿದ್ದಾರೆ. ಹಣವನ್ನು ಬ್ಯಾಂಕಿನಿಂದ ಇನ್ನೂ ತೆಗೆದಿಲ್ಲ.